ದೇವರಾಯಸಮುದ್ರದ ಗಿಳಿಯೂ ಕಡಲಿನ ನೊರೆಯೂ

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಪ್ರಯಾಣ ಮಾಡುವವರು ದೇವರಾಯಸಮುದ್ರವೆಂಬ ಊರಿನ ಹೆಸರನ್ನು ಓದಿ ಬೆರಗಾಗುವುದುಂಟು. ಸುತ್ತಲೂ ಕಾಣುವುದು ಬೋಳು ಬಂಡೆಗಳು, ರಾಗಿಯ ಹೊಲಗಳು, ಮಾವಿನ ತೋಪುಗಳು. ಸಮುದ್ರವೆಲ್ಲಿ? ಪೂರ್ವಕ್ಕೆ ಬಂಗಾಳ ಕೊಲ್ಲಿ 200 ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿದೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ 350 ಕಿಲೋಮೀಟರಿಗೂ ಆಚೆಗಿದೆ. ನೆಲವಂತೂ ಕಡಲಿನ ಮಟ್ಟಕ್ಕಿಂತ ಸುಮಾರು 800 ಮೀಟರು ಎತ್ತರ.

ಉತ್ತರ ಸುಲಭವಾದುದೇ. ಹೊಳೆಯಿಲ್ಲದ ಸೀಮೆಯಲ್ಲಿ ಕೆರೆಯೇ ಸಮುದ್ರ. ಹೊಯ್ಸಳರ ರಾಜಧಾನಿ ದೋರಸಮುದ್ರವು ಕೆರೆಯಿಂದಲೇ ಹೆಸರು ಪಡೆಯಿತು. ಅನಂತಪುರದ ಬಳಿಯ ಬುಕ್ಕರಾಯಸಮುದ್ರವೂ ಅಂಥದೇ. ದೇವರಾಯನೆಂಬ ಹೆಸರಿನ ಅರಸರು ವಿಜಯನಗರದಲ್ಲಿ ಆಳಿದರು, ಮುಳಬಾಗಿಲು ಆ ಸಾಮ್ರಾಜ್ಯದ ಒಂದು ಪ್ರಾಂತಕ್ಕೆ ಮುಖ್ಯಪಟ್ಟಣವಾಗಿತ್ತು. ಹೀಗಾಗಿ ನಮ್ಮೂರಿನ ಹೆಸರಿನಲ್ಲಿ ಅರಸನೂ ಉಂಟು, ಕೆರೆಯೂ ಉಂಟು. ಉಪ್ಪುನೀರು ಮಾತ್ರ ಇಲ್ಲ.

ಆದಾಗ್ಯೂ ನಿಜವಾದ ಕಡಲಿನ ಒಂದು ತುಣುಕು ನಮ್ಮೂರಿಗೆ ಬಂದುದನ್ನು ನಾನು ಕಂಡಿದ್ದೇನೆ. ಅದು ಬಂದುದು ಒಂದು ಗಿಳಿಯ ಸಲುವಾಗಿ. ಆ ಗಿಳಿಯ ಕಥೆಯನ್ನು ಹೇಳದೆ ಈ ಲೇಖನದ ವಿಷಯಕ್ಕೆ ಬರಲಾಗದು. ಆದುದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದಿರಬೇಕು.

ರಾಮನೆಂಬ ಗಿಳಿ

1960ರ ದಶಕದ ಕೊನೆಯ ಮಾತು. ನಾನಾಗ ಮಿಡ್ಲ್ ಸ್ಕೂಲಿನ ವಿದ್ಯಾರ್ಥಿ. ನಮ್ಮ ಅಜ್ಜಿಯ ಮನೆಯ ಜಗಲಿಯಲ್ಲಿ ಒಂದು ತಂತಿಯ ಪಂಜರ, ಅದರೊಳಗೆ ರಾಮನೆಂಬ ಗಿಳಿ. ಹಳೆಯ ಮರದ ಪೊಟರೆಯಿಂದ ಯಾರೋ ಮರಿಯಾಗಿದ್ದಾಗಲೇ ತಂದುಕೊಟ್ಟದ್ದು. ನಮ್ಮ ಸೀಮೆಯಲ್ಲಿ ಜನರು ಕನ್ನಡವನ್ನೂ ತೆಲುಗನ್ನೂ ಬೆರೆಸಿ ಆಡುವುದು ವಾಡಿಕೆ. ರಾಮನೂ ಹಾಗೆಯೇ. ಬಾಗಿಲ ಬಳಿ ಹೆಜ್ಜೆಯ ಸಪ್ಪಳವಾದರೆ ಸಾಕು, "ಯಾರು? ಎವರು?" ಎಂದು ಎರಡು ಭಾಷೆಯಲ್ಲೂ ವಿಚಾರಿಸುತ್ತಿದ್ದನು. ಹೊಸಬರು ಒಳಗಿನಿಂದ ಮನುಷ್ಯರೇ ಕೇಳಿದರೆಂದು ತಿಳಿದು ತಮ್ಮ ಹೆಸರನ್ನು ಹೇಳಿ ನಿಂತಿರುತ್ತಿದ್ದರು.

ಗಂಡು ಗಿಳಿಗೆ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಕಂಠಿ ಮೂಡುತ್ತದೆಂಬುದು ಎಲ್ಲರಿಗೂ ಗೊತ್ತು. ಮರಿಯಲ್ಲಿ ಅದು ಇರುವುದಿಲ್ಲ. ಎರಡು ಮೂರು ವರ್ಷಗಳಾದ ಮೇಲೆ ಕಾಣಿಸಿಕೊಳ್ಳುತ್ತದೆ. ರಾಮನಿಗೆ ನಾಲ್ಕು ವರ್ಷ ತುಂಬಿದರೂ ಕಂಠಿ ಬರಲಿಲ್ಲ. "ಬರುತ್ತದೆ ಬಿಡು, ಅವನಿಗೇನು ಅವಸರ?" ಎಂದು ಅಜ್ಜಿ ಹೇಳುತ್ತಿದ್ದರು. ಒಂದು ಮಾಘ ಮಾಸದಲ್ಲಿ ಗಿಳಿ ಮಾತನ್ನು ನಿಲ್ಲಿಸಿತು. ಗರಿಗಳನ್ನು ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತುಬಿಟ್ಟಿತು. ದೃಷ್ಟಿಯಾಗಿದೆಯೆಂದು ಅಜ್ಜಿ ಮೆಣಸಿನಕಾಯಿ ನಿವಾಳಿಸಿದರು. ಮರುದಿನ ಬೆಳಗ್ಗೆ ನೋಡಿದರೆ ಪಂಜರದಲ್ಲಿ ಒಂದು ಮೊಟ್ಟೆ! ಅದೂ ಸರಿಯಾದ ಮೊಟ್ಟೆಯಲ್ಲ. ಮುಟ್ಟಿದರೆ ತೊಗಲಿನಂತೆ ಬಗ್ಗುತ್ತಿತ್ತು. ಮೇಲೆ ಗಟ್ಟಿಯಾದ ಚಿಪ್ಪೇ ಇರಲಿಲ್ಲ. ರಾಮನು ಹೆಣ್ಣೆಂಬುದು ಅಂದು ಮನೆಯವರಿಗೆ ತಿಳಿಯಿತು. ಹೆಸರನ್ನು ಮಾತ್ರ ಯಾರೂ ಬದಲಾಯಿಸಲಿಲ್ಲ.

ಗಂಡಿನ ಸಂಗವಿಲ್ಲದೆಯೂ ಹೆಣ್ಣು ಗಿಳಿ ಮೊಟ್ಟೆಯಿಡಬಲ್ಲುದು. ಹುಂಜವಿಲ್ಲದ ಮನೆಯ ಕೋಳಿ ಇಡುವುದಿಲ್ಲವೆ? ಅಂಥ ಮೊಟ್ಟೆಯಿಂದ ಮರಿಯಾಗದು, ಅಷ್ಟೇ. ಆದರೆ ಆ ಮೆತ್ತನೆಯ ಮೊಟ್ಟೆ ಗಿಳಿಯ ಪ್ರಾಣಕ್ಕೇ ಅಪಾಯದ ಸೂಚನೆಯಾಗಿತ್ತು. ಹೇಗೆಂದರೆ, ಮೊಟ್ಟೆಯ ಚಿಪ್ಪು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ದ್ರವ್ಯವೇ. ಕೋಳಿಯ ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಾಯಿಹಕ್ಕಿ ಇದನ್ನು ರಕ್ತದಿಂದಲೇ ಒದಗಿಸಬೇಕು. ಆಹಾರದಲ್ಲಿ ಸಾಲದಿದ್ದರೆ ತನ್ನ ಎಲುಬುಗಳಿಂದ ತೆಗೆಯುತ್ತದೆ. ಅದೂ ಸಾಲದಾದಾಗ ಚಿಪ್ಪು ಮೆತ್ತಗಾಗುತ್ತದೆ. ಸ್ನಾಯುಗಳು ಕುಗ್ಗಲಾರದೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಸ್ನಾಯು ಕೆಲಸಮಾಡುವುದಕ್ಕೂ ಕ್ಯಾಲ್ಸಿಯಂ ಬೇಕು. ಹೀಗೆ ಎಷ್ಟೋ ಪಂಜರದ ಹಕ್ಕಿಗಳು ಸಾಯುತ್ತವೆ.

ರಾಮನಿಗೆ ಅಜ್ಜಿ ಕೊಡುತ್ತಿದ್ದ ಆಹಾರವೇನು? ಬಿಳಿ ಅನ್ನ, ಸೀಬೆಹಣ್ಣು, ಹಸಿಮೆಣಸಿನಕಾಯಿ. ಮನೆಯ ಜನ ಉಣ್ಣುತ್ತಿದ್ದುದು ರಾಗಿಯ ಮುದ್ದೆ. ಅನ್ನವು ಹಬ್ಬಕ್ಕೆ, ನೆಂಟರಿಗೆ, ಮತ್ತು ಗಿಳಿಗೆ! 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು; ಅಷ್ಟೇ ತೂಕದ ಅಕ್ಕಿಯಲ್ಲಿರುವುದು 10 ಮಿಲಿಗ್ರಾಮಿನ ಆಸುಪಾಸು. ಪ್ರೀತಿಯಿಂದ ಕೊಟ್ಟ ಅನ್ನವೇ ಆ ಬಡಪ್ರಾಣಿಯನ್ನು ಸೊರಗಿಸಿತ್ತು.

ಕರಾವಳಿಯ ಕಾಪು ಕಡೆಯವರೊಬ್ಬರು ಆಗ ನಮ್ಮ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ರಜೆಗೆ ಊರಿಗೆ ಹೋದಾಗಲೆಲ್ಲ ಕಡಲದಂಡೆಯಲ್ಲಿ ಆಯ್ದ ವಸ್ತುಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡು ಬರುವುದು ಅವರ ಹವ್ಯಾಸ. ಸುದ್ದಿ ತಿಳಿದು ಅವರು ಅಜ್ಜಿಯ ಮನೆಗೆ ಬಂದರು. "ಯಾರು? ಎವರು?" ಎಂದು ಕೇಳುವ ಶಕ್ತಿ ಗಿಳಿಗೆ ಇರಲಿಲ್ಲ. ಮೇಷ್ಟ್ರು ಡಬ್ಬಿಯಿಂದ ಅಂಗೈಯುದ್ದದ ಒಂದು ಬಿಳಿಯ ವಸ್ತುವನ್ನು ತೆಗೆದು, ದಾರ ಕಟ್ಟಿ ಪಂಜರದ ಕಂಬಿಗೆ ತೂಗುಬಿಟ್ಟರು. "ಅಜ್ಜೀ, ಇದು ಸಮುದ್ರದ ನೊರೆ. ಕೊಕ್ಕಿನಿಂದ ಕೆರೆದು ತಿನ್ನಲಿ, ತೆಗೆಯಬೇಡಿ. ಜತೆಗೆ ಒಂದಿಷ್ಟು ರಾಗಿಯನ್ನೂ ಸೊಪ್ಪನ್ನೂ ಹಾಕಿ, ಬೆಳಗಿನ ಬಿಸಿಲಿಗೆ ಪಂಜರವನ್ನಿಡಿ" ಎಂದರು. ಬಿಸಿಲು ಏತಕ್ಕೆಂದರೆ, ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ಡಿ ವಿಟಮಿನ್ ಬೇಕು, ಅದು ಬಿಸಿಲಿನಿಂದ ಮೈಯಲ್ಲೇ ಉಂಟಾಗುತ್ತದೆ. ಎರಡು ಮೂರು ವಾರಗಳಲ್ಲಿ ರಾಮನ ಧ್ವನಿ ಜಗಲಿಯಲ್ಲಿ ಮತ್ತೆ ಕೇಳಿಸಿತು.

ಮಾತಿನ ಹಕ್ಕಿ ಹೇಳದೆ ಉಳಿದ ಮಾತು

ಇಲ್ಲಿ ಒಂದು ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. ಎರಡು ಭಾಷೆಗಳನ್ನಾಡುವ ಗಿಳಿ ತನಗೆ ನೋವಾಗುತ್ತಿದೆಯೆಂದು ಒಂದು ಭಾಷೆಯಲ್ಲಾದರೂ ಏಕೆ ಹೇಳಲಿಲ್ಲ?

ಮೊದಲು ಗಿಳಿ ಮಾತನ್ನು ಉಚ್ಚರಿಸುವ ಬಗೆಯನ್ನು ನೋಡೋಣ. ಮನುಷ್ಯನ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದೆ. ಹಕ್ಕಿಗಳಲ್ಲಿ ಧ್ವನಿ ಹುಟ್ಟುವುದು ಆ ನಾಳದ ಕೆಳತುದಿಯಲ್ಲಿ, ಅದು ಎರಡಾಗಿ ಕವಲೊಡೆದು ಶ್ವಾಸಕೋಶಗಳಿಗೆ ಹೋಗುವೆಡೆಯಲ್ಲಿ. ಈ ಅಂಗಕ್ಕೆ ಸಿರಿಂಕ್ಸ್ ಎಂದು ಹೆಸರು. ಆದರೆ ಧ್ವನಿ ಹುಟ್ಟಿದ ಮಾತ್ರಕ್ಕೆ ಅದು ಅಕ್ಷರವಾಗದು. ನಾವು 'ಆ' ಎಂದೂ 'ಈ' ಎಂದೂ ಹೇಳುವಾಗ ಗಂಟಲಿನ ಧ್ವನಿ ಒಂದೇ. ನಾಲಗೆ ಬಾಯಿಗಳ ಆಕಾರ ಬೇರೆ. ಗಿಳಿಯ ನಾಲಗೆಯೂ ದಪ್ಪನಾದುದು, ಬಹಳ ಚುರುಕಾದುದು. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಶಾಸ್ತ್ರಜ್ಞರು ಸತ್ತ ಗಿಳಿಗಳ ಸಿರಿಂಕ್ಸಿನ ಸ್ಥಳದಲ್ಲಿ ಪುಟ್ಟ ಧ್ವನಿವರ್ಧಕವನ್ನಿಟ್ಟು, ನಾಲಗೆಯನ್ನು ಅತ್ತಿತ್ತ ಸರಿಸಿ ನೋಡಿದರು. ನಾಲಗೆ ತುಸು ಸರಿದರೂ ಹೊರಬರುವ ಧ್ವನಿಯ ಗುಣ ಬದಲಾಗುವುದು ಕಂಡುಬಂದಿತು. ತುಟಿಯೇ ಇಲ್ಲದ ಹಕ್ಕಿ ಸ್ವರಗಳನ್ನು ಬೇರೆ ಬೇರೆಯಾಗಿ ನುಡಿಯುವ ಗುಟ್ಟು ಇದು.

ಖಾರದ ಮೆಣಸಿನಕಾಯಿ ತಿಂದರೆ ಗಿಳಿಯ ಮಾತು ಸ್ಫುಟವಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಕ್ಕಿಗಳಿಗೆ ಮೆಣಸಿನಕಾಯಿಯ ಉರಿ ತಟ್ಟುವುದೇ ಇಲ್ಲ. ಆ ಉರಿಯನ್ನು ಗ್ರಹಿಸುವ ಅವುಗಳ ನರತುದಿಗಳು ಮೆಣಸಿನ ದ್ರವ್ಯಕ್ಕೆ ಓಗೊಡುವುದಿಲ್ಲ. ಅದು ಅವಕ್ಕೆ ಒಂದು ತರಕಾರಿ, ಅಷ್ಟೇ.

ಆಡಬಲ್ಲ ಅಂಗವಿದ್ದರೆ ಸಾಲದು, ಕೇಳಿ ಕಲಿಯಬಲ್ಲ ಮಿದುಳು ಬೇಕು. ಕೋಳಿಗೆ ಎಷ್ಟು ವರ್ಷ ಪಾಠ ಹೇಳಿದರೂ ಅದು ಕೊಕ್ಕೊಕ್ಕೋ ಎನ್ನುವುದನ್ನು ಬಿಡದು. ಕೇಳಿದ ಧ್ವನಿಯನ್ನು ಕಲಿತು ನುಡಿಯುವ ಶಕ್ತಿ ಹಕ್ಕಿಗಳಲ್ಲಿ ಗಿಳಿ, ಹಾಡುಹಕ್ಕಿ, ಝೇಂಕಾರದ ಹಕ್ಕಿ ಎಂಬ ಮೂರು ಬಳಗಗಳಿಗೆ ವಿಶೇಷವಾಗಿ ಒಲಿದಿದೆ. ಕಾಡಿನಲ್ಲಿ ಗಿಳಿಗಳಿಗೆ ಈ ಶಕ್ತಿಯಿಂದ ಏನು ಪ್ರಯೋಜನ? ಗಿಳಿ ಗುಂಪಿನ ಪ್ರಾಣಿ. ಗುಂಪಿನವರು ಪರಸ್ಪರ ಗುರುತಿಸಿಕೊಳ್ಳಲು ಒಂದೊಂದು ಕರೆ ಇರುತ್ತದೆ. ವೆನೆಜುವೆಲ ದೇಶದ ಪುಟ್ಟ ಗಿಳಿಗಳಲ್ಲಿ ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಒಂದು ಗೂಡಿನ ಮೊಟ್ಟೆಗಳನ್ನು ಮತ್ತೊಂದು ಗೂಡಿಗೆ ಬದಲಾಯಿಸಿದಾಗ, ಮರಿಗಳು ಹೆತ್ತವರ ಕರೆಯನ್ನಲ್ಲ, ಸಾಕಿದವರ ಕರೆಯನ್ನು ಕಲಿತುವು. ಗೂಡಿನಲ್ಲಿರುವಾಗಲೇ ತಂದೆತಾಯಿಗಳು ಪ್ರತಿ ಮರಿಗೂ ಹೆಸರಿಟ್ಟಂತೆ ಒಂದು ಕರೆಯನ್ನು ಕಲಿಸುತ್ತವೆಂದು ಇದರಿಂದ ಊಹಿಸಲಾಗಿದೆ.

ಪಂಜರದ ಗಿಳಿಗೆ ಗುಂಪೆಲ್ಲಿ? ಮನೆಯವರೇ ಗುಂಪು. ಅವರ ಧ್ವನಿಯೇ ಗುಂಪಿನ ಕರೆ. ರಾಮನ "ಯಾರು? ಎವರು?" ಎಂಬುದು ವಿಚಾರಣೆಯಲ್ಲ, ಹೆಜ್ಜೆಯ ಸಪ್ಪಳವಾದಾಗ ಈ ಗುಂಪಿನವರು ಮಾಡುವ ಸದ್ದನ್ನು ತಾನೂ ಮಾಡಿ, 'ನಾನಿಲ್ಲಿದ್ದೇನೆ' ಎಂದು ತಿಳಿಸುವ ಬಗೆ. ಕನ್ನಡ ಯಾವುದು, ತೆಲುಗು ಯಾವುದು ಎಂಬ ಭೇದ ಅದಕ್ಕಿಲ್ಲ. ಕ್ರಿಸ್ತಪೂರ್ವ 5ನೆಯ ಶತಮಾನದ ಕೊನೆಗೆ ಪಾರಸಿಕ ದೊರೆಯ ಆಸ್ಥಾನದಲ್ಲಿದ್ದ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯನು, ಭಾರತದ ಒಂದು ಹಕ್ಕಿ ತನ್ನ ನಾಡಿನ ಭಾಷೆಯನ್ನಾಡುತ್ತದೆ, ಗ್ರೀಕ್ ಕಲಿಸಿದರೆ ಗ್ರೀಕನ್ನೂ ಆಡುತ್ತದೆ ಎಂದು ಬರೆದಿಟ್ಟಿದ್ದಾನೆ. ಅವನು ಇದನ್ನು ದೊಡ್ಡ ಸೋಜಿಗವೆಂದೆಣಿಸಿದನು. ಮುಳಬಾಗಿಲಿನವರಿಗೆ ಇದರಲ್ಲಿ ಸೋಜಿಗವೇನೂ ತೋರದು.

ಹಾಗೆಂದು ಗಿಳಿಗೆ ಅರ್ಥಜ್ಞಾನವೇ ಇಲ್ಲವೆಂದು ತೀರ್ಮಾನಿಸುವುದೂ ಅವಸರದ ಮಾತು. ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿದುಷಿ 1977ರಿಂದ ಆಫ್ರಿಕದ ಒಂದು ಬೂದುಗಿಳಿಗೆ ಪಾಠ ಹೇಳಿದರು. ಅದರ ಹೆಸರು ಅಲೆಕ್ಸ್. 2007ರಲ್ಲಿ ಅದು ಸಾಯುವ ಹೊತ್ತಿಗೆ ಬಣ್ಣಗಳನ್ನೂ ಆಕಾರಗಳನ್ನೂ ಹೆಸರಿಸುತ್ತಿತ್ತು, ಆರರವರೆಗೆ ಎಣಿಕೆಯನ್ನು ಹೇಳುತ್ತಿತ್ತು, ಎರಡು ವಸ್ತುಗಳಲ್ಲಿ ಯಾವ ಗುಣ ಸಮಾನ, ಯಾವುದು ಭಿನ್ನ ಎಂಬುದಕ್ಕೂ ಉತ್ತರ ಕೊಡುತ್ತಿತ್ತು. ಆದರೆ ಅಲೆಕ್ಸಿಗೆ ಒಂದೊಂದು ಪದವನ್ನೂ ವಸ್ತುವಿನೊಡನೆ ಕೂಡಿಸಿ ವರ್ಷಗಟ್ಟಲೆ ಕಲಿಸಿದ್ದರು. ನೋವಿಗೆ ಒಂದು ಪದವುಂಟೆಂದು ರಾಮನಿಗೆ ಯಾರು ಕಲಿಸಿದ್ದರು? ಹಕ್ಕಿಯ ನೋವಿನ ಭಾಷೆ ಬೇರೆ: ಉಬ್ಬಿದ ಗರಿ, ಮುಚ್ಚಿದ ಕಣ್ಣು, ಪಂಜರದ ತಳವನ್ನು ಹಿಡಿಯುವುದು, ಮತ್ತು ಮೌನ. ಅದೂ ಕೊನೆಗಾಲದಲ್ಲಿ ಮಾತ್ರ ಕಾಣುವಂಥದು. ಬೇಟೆಯ ಹಕ್ಕಿಗಳ ಕಣ್ಣಿಗೆ ಬೀಳದಂತೆ ರೋಗವನ್ನು ಮರೆಸಿಕೊಳ್ಳುವುದು ಕಾಡಿನ ಗಿಳಿಯ ಸ್ವಭಾವ. ನಾವು ಅದರ ಮಾತನ್ನು ಕೇಳಿ ನಗುತ್ತಿದ್ದೆವು, ಮೈಯನ್ನು ನೋಡಲಿಲ್ಲ.

ನೊರೆಯಲ್ಲದ ನೊರೆ

ಈಗ ಆ ಬಿಳಿಯ ವಸ್ತುವಿನ ಕಡೆಗೆ ತಿರುಗೋಣ. ಆಯುರ್ವೇದದಲ್ಲಿ ಇದಕ್ಕೆ ಸಮುದ್ರಫೇನವೆಂದು ಹೆಸರು. ಗ್ರಂಥಿಗೆ ಅಂಗಡಿಗಳಲ್ಲಿ ಇಂದಿಗೂ ದೊರೆಯುತ್ತದೆ. ಹಗುರ, ಬಿಳುಪು, ನೀರಿನ ಮೇಲೆ ತೇಲುವ ಗುಣ, ಅಲೆಗಳೊಡನೆ ದಂಡೆಗೆ ಬರುವುದು, ಇವೆಲ್ಲವನ್ನೂ ಕಂಡವರು ನೊರೆಯೇ ಹೆಪ್ಪುಗಟ್ಟಿ ಹೀಗಾಯಿತೆಂದು ಭಾವಿಸಿದುದು ಸಹಜ. ಯೂರೋಪಿನವರು ಇದಕ್ಕಿಂತಲೂ ದೂರ ಹೋಗಿದ್ದರು. ತೇಲುವ ಮರದ ದಿಮ್ಮಿಗಳಿಗೆ ಅಂಟಿದ ಒಂದು ಬಗೆಯ ಚಿಪ್ಪುಜೀವಿಯಿಂದ ಬಾತುಗಳು ಹುಟ್ಟುತ್ತವೆಂದು ಶತಮಾನಗಳ ಕಾಲ ನಂಬಿದ್ದರು.

ಸಮುದ್ರದ ನೊರೆ ನಿಜವಾಗಿ ಒಂದು ಪ್ರಾಣಿಯ ಒಳಚಿಪ್ಪು. ಆ ಪ್ರಾಣಿಯನ್ನು ಇಂಗ್ಲಿಷಿನವರು ಕಟಲ್ ಫಿಶ್ ಎನ್ನುತ್ತಾರೆ. ಇದು ಮೀನಲ್ಲ; ಶಂಖ, ಕವಡೆ, ಬಸವನಹುಳುಗಳಂತೆ ಮೃದ್ವಂಗಿ. ನಮ್ಮ ಕರಾವಳಿಯ ಮೀನುಗಾರರು ಬೊಂಡಾಸ್ ಎಂದು ಕರೆಯುವ ಪ್ರಾಣಿಗಳ ಹತ್ತಿರದ ಬಂಧು. ತಲೆಗೆ ಅಂಟಿದಂತೆ ಎಂಟು ತೋಳುಗಳು, ಬೇಟೆಯನ್ನು ಹಿಡಿಯಲು ಚಾಚುವ ಎರಡು ಉದ್ದನೆಯ ಬಾಹುಗಳು, ಮೂರು ಹೃದಯ, ತಾಮ್ರದ ಅಂಶದಿಂದ ನೀಲಿಯಾಗಿ ತೋರುವ ರಕ್ತ, ಶತ್ರು ಬಂದಾಗ ಚೆಲ್ಲುವ ಶಾಯಿ. ಚಿತ್ರಕಾರರ 'ಸೀಪಿಯ' ಬಣ್ಣ ಮೊದಲು ದೊರೆತುದು ಈ ಶಾಯಿಯಿಂದಲೇ. ಬಸವನಹುಳು ಚಿಪ್ಪನ್ನು ಮೈಮೇಲೆ ಹೊರುತ್ತದೆ. ಇದರ ಚಿಪ್ಪು ಬೆನ್ನಿನ ಚರ್ಮದೊಳಗೆ ಅಡಗಿದೆ.

ಒಳಗಡಗಿದ ಚಿಪ್ಪಿನಿಂದ ರಕ್ಷಣೆ ದೊರೆಯದು. ಮತ್ತೇತಕ್ಕೆ? ತೇಲುವುದಕ್ಕೆ. ಮುರಿದ ತುಂಡನ್ನು ಭೂತಗನ್ನಡಿಯಿಂದ ನೋಡಿದರೆ ತೆಳುವಾದ ಹಾಳೆಗಳು ಒಂದರ ಮೇಲೊಂದು ಒಟ್ಟಿರುವುದು ಕಾಣುತ್ತದೆ. ಹಾಳೆಗಳ ನಡುವೆ ಒಂದು ಮಿಲಿಮೀಟರಿಗೂ ಕಡಮೆ ಎತ್ತರದ ಅಂತಸ್ತು. ಆ ಅಂತಸ್ತಿನಲ್ಲಿ ಸಾಲುಸಾಲಾಗಿ ಕಂಬಗಳಂಥ ಗೋಡೆಗಳು. ಬೇಲೂರಿನ ನವರಂಗವನ್ನು ನೂರಂತಸ್ತು ಕಟ್ಟಿದಂತೆ! ಇಡೀ ವಸ್ತುವಿನ ಹತ್ತರಲ್ಲಿ ಒಂಬತ್ತು ಪಾಲು ಬರಿಯ ಅವಕಾಶವೇ. ಆದರೂ ನೂರು ಮೀಟರು ಆಳದಲ್ಲಿ ಮೇಲಿನ ನೀರಿನ ಒತ್ತಡವನ್ನು ಅದು ತಡೆದುಕೊಳ್ಳುತ್ತದೆ. ಕಡಲಿನಲ್ಲಿ ಪ್ರತಿ ಹತ್ತು ಮೀಟರು ಇಳಿದಂತೆ ಒತ್ತಡವು ಒಂದೊಂದು ವಾಯುಮಂಡಲದಷ್ಟು ಹೆಚ್ಚುತ್ತದೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ನೆನೆಯಬಹುದು.

ಈ ಯಂತ್ರ ಕೆಲಸಮಾಡುವ ಬಗೆಯನ್ನು ಡೆಂಟನ್ ಮತ್ತು ಗಿಲ್ಪಿನ್-ಬ್ರೌನ್ ಎಂಬ ಇಂಗ್ಲೆಂಡಿನ ಶಾಸ್ತ್ರಜ್ಞರು 1961ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ವಿವರಿಸಿದರು. ಅಂತಸ್ತುಗಳಲ್ಲಿ ಸ್ವಲ್ಪ ದ್ರವ, ಉಳಿದ ಭಾಗದಲ್ಲಿ ಅನಿಲ. ಪ್ರಾಣಿ ಮೇಲಕ್ಕೆ ಬರಬೇಕಾದರೆ ದ್ರವವನ್ನು ಕಡಮೆಮಾಡಿಕೊಳ್ಳಬೇಕು. ಜಲಾಂತರ್ಗಾಮಿ ಹಡಗಿನಲ್ಲಿ ಅದುಮಿದ ಗಾಳಿಯಿಂದ ನೀರನ್ನು ಹೊರದೂಡುತ್ತಾರೆ. ಇಲ್ಲಿ ಹಾಗಲ್ಲ. ಚಿಪ್ಪಿನ ತಳಕ್ಕೆ ಅಂಟಿರುವ ಪೊರೆಯು ದ್ರವದಲ್ಲಿನ ಲವಣವನ್ನು ಹೀರಿಕೊಳ್ಳುತ್ತದೆ. ಒಳಗಿನ ದ್ರವ ಸಪ್ಪೆಯಾಗುತ್ತದೆ. ರಕ್ತ ಅದಕ್ಕಿಂತ ಉಪ್ಪಾಗಿದೆ. ಆಸ್ಮಾಸಿಸ್ ನಿಯಮದಂತೆ ಸಪ್ಪೆಯ ಕಡೆಯಿಂದ ಉಪ್ಪಿನ ಕಡೆಗೆ ನೀರು ತಾನಾಗಿ ಹರಿಯುತ್ತದೆ. ತೆರವಾದ ಸ್ಥಳಕ್ಕೆ ಅನಿಲವು ಆಮೇಲೆ ನಿಧಾನವಾಗಿ ಬಂದು ಸೇರುತ್ತದೆ. ನೀರನ್ನು ಅದು ದೂಡಿದುದಲ್ಲ. ಚಿಪ್ಪಿನ ಸಾಂದ್ರತೆಯನ್ನು ಹೀಗೆ 0.5ರಿಂದ 0.7ರವರೆಗೆ ಬದಲಾಯಿಸಿಕೊಳ್ಳಬಹುದು. ಹಗಲಿನಲ್ಲಿ ಮರಳಿನಲ್ಲಿ ಹುದುಗಿರುವಾಗ ಮೈ ಭಾರ, ರಾತ್ರಿ ಬೇಟೆಗೆ ಹೊರಟಾಗ ಹಗುರ. ಹಾಗಾದರೆ ಎಷ್ಟು ಆಳದವರೆಗೆ ಈ ಉಪಾಯ ನಡೆದೀತು? ಕಡಲನೀರಿನಷ್ಟು ಉಪ್ಪಾದ ದ್ರವದ ಆಸ್ಮಾಟಿಕ್ ಒತ್ತಡ ಸುಮಾರು 24 ವಾಯುಮಂಡಲಗಳು. ಆದುದರಿಂದ ಸುಮಾರು 240 ಮೀಟರಿಗಿಂತ ಕೆಳಗೆ ನೀರನ್ನು ಹೊರಗೆಳೆಯುವುದು ಈ ವಿಧಾನದಿಂದ ಸಾಧ್ಯವಾಗದು.

ಕಟಲ್ ಫಿಶ್ಶಿನ ಆಯುಷ್ಯ ಹೆಚ್ಚೆಂದರೆ ಎರಡು ವರ್ಷದ ಆಸುಪಾಸು. ಮೊಟ್ಟೆಯಿಟ್ಟ ಬಳಿಕ ಸಾಯುತ್ತದೆ. ಮೈ ಕೊಳೆತುಹೋಗುತ್ತದೆ, ಚಿಪ್ಪು ಮಾತ್ರ ತೇಲುತ್ತ ಅಲೆದು ಎಲ್ಲೋ ಒಂದು ದಂಡೆಯನ್ನು ಸೇರುತ್ತದೆ. ಮೇಷ್ಟ್ರ ಡಬ್ಬಿಗೆ ಬಂದುದು ಅಂಥ ಒಂದು.

ಡಬ್ಬಿಯೊಳಗಿನ ದಂಡೆ

ಎಷ್ಟೋ ವರ್ಷಗಳ ಮೇಲೆ ನಾನು ಕಾಪುವಿನ ದಂಡೆಯಲ್ಲಿ ನಡೆದಾಡಿದೆನು. 1901ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿ ಬಂಡೆಯ ಮೇಲೆ ನಿಂತಿದೆ. ಉಬ್ಬರ ಇಳಿದ ಹೊತ್ತಿನಲ್ಲಿ, ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಕಸಕಡ್ಡಿಯ ಒಂದು ಗೆರೆ ಉಳಿದಿರುತ್ತದೆ. ನೋಡಬೇಕಾದುದು ಆ ಗೆರೆಯನ್ನು. ಸಾಮಾನ್ಯ ಪ್ರವಾಸಿಗಳು ಅದನ್ನು ದಾಟಿಕೊಂಡು ಅಲೆಗಳ ಕಡೆಗೆ ಓಡುತ್ತಾರೆ!

ಎರಡು ಎಸಳಿನ ಚಿಪ್ಪುಗಳನ್ನು ಆಯ್ದು ನೋಡಿ. ಕೆಲವದರಲ್ಲಿ ಬೈರಿಗೆಯಿಂದ ಕೊರೆದಂತೆ ದುಂಡಗಿನ ತೂತು ಇರುತ್ತದೆ. ಮಕ್ಕಳು ಇದನ್ನು ದಾರ ಪೋಣಿಸುವುದಕ್ಕೆ ದೇವರು ಕೊಟ್ಟ ಅನುಕೂಲವೆಂದು ತಿಳಿಯುವರು. ಅದು ಕೊಲೆಯ ಗುರುತು. ನ್ಯಾಟಿಕ ಎಂಬ ಮಾಂಸಾಹಾರಿ ಶಂಖಜೀವಿ ಮರಳಿನಲ್ಲಿ ಚಿಪ್ಪುಜೀವಿಯನ್ನು ತಬ್ಬಿ ಹಿಡಿದು, ಚಿಪ್ಪನ್ನು ಮೆತ್ತಗೆ ಮಾಡುವ ರಸವನ್ನು ಸವರುತ್ತ, ಅರದಂಥ ನಾಲಗೆಯಿಂದ ಗಂಟೆಗಟ್ಟಲೆ ಕೊರೆದು, ಒಳಗಿನ ಮಾಂಸವನ್ನು ತಿನ್ನುತ್ತದೆ. ತೂತಿನ ಅಂಚು ಒಳಕ್ಕೆ ಇಳಿಜಾರಾಗಿದ್ದರೆ ಅಪರಾಧಿ ಇದೇ ಎಂದು ಹೇಳಬಹುದು. ಮೇಷ್ಟ್ರ ಡಬ್ಬಿಯಲ್ಲಿ ಇಂಥ ಹತ್ತಾರು ಚಿಪ್ಪುಗಳಿದ್ದುವು. ಅವರು ತೂತಿಲ್ಲದುದನ್ನು ಆಯುತ್ತಲೇ ಇರಲಿಲ್ಲ.

ಗುಂಡಿಯಾಕಾರದ ನುಣುಪು ಶಂಖಗಳು, ಏಡಿಗಳು ಮರಳನ್ನು ಸೋಸಿ ಉಂಡೆಕಟ್ಟಿ ಬಿಟ್ಟ ಸಣ್ಣ ಗುಳಿಗೆಗಳು, ಕೆಲವು ಋತುಗಳಲ್ಲಿ ತೇಲಿಬರುವ ನೀಲಿ ಬಿಲ್ಲೆಗಳಂಥ ಜೀವಿಗಳು, ಹೀಗೆ ಪಟ್ಟಿಯನ್ನು ಬೆಳೆಸಬಹುದು. ನೀಲಿಯಾಗಿ ಗುಳ್ಳೆಯಂತೆ ಉಬ್ಬಿದ್ದು ಉದ್ದನೆಯ ಎಳೆಗಳಿರುವ ಜೀವಿಯನ್ನು ಮಾತ್ರ ಸತ್ತಂತೆ ಕಂಡರೂ ಮುಟ್ಟಬಾರದು, ಎಳೆಗಳು ಆಗಲೂ ಕುಟುಕುತ್ತವೆ. ಜೀವವಿರುವ ಯಾವುದನ್ನೂ ಡಬ್ಬಿಗೆ ಹಾಕಬಾರದು. ಹವಳಗಳನ್ನೂ ಕೆಲವು ಜಾತಿಯ ಶಂಖಗಳನ್ನೂ ಕಾನೂನು ರಕ್ಷಿಸಿದೆ. ಇತ್ತೀಚಿನ ವರ್ಷಗಳಲ್ಲಿ ಆ ಗೆರೆಯಲ್ಲಿ ಮತ್ತೊಂದು ವಸ್ತು ಸೇರಿಕೊಂಡಿದೆ: ಸಾಬಕ್ಕಿಯಂಥ ಪ್ಲಾಸ್ಟಿಕ್ಕಿನ ಕಾಳು. 2025ರ ಮೇ ತಿಂಗಳಲ್ಲಿ ಎಂ.ಎಸ್.ಸಿ. ಎಲ್ಸಾ 3 ಎಂಬ ಹಡಗು ಕೊಚ್ಚಿಯ ಬಳಿ ಮುಳುಗಿದಾಗ ಇಂಥ ಕಾಳುಗಳು ಕೇರಳದ ದಂಡೆಗಳಲ್ಲಿ ರಾಶಿಯಾಗಿ ಬಿದ್ದುವು. ಮೀನುಗಳೂ ಹಕ್ಕಿಗಳೂ ಇವನ್ನು ಆಹಾರವೆಂದು ನುಂಗುತ್ತವೆ.

ಇನ್ನು ದಂಡೆಯ ಮರಳು. ಅದರಲ್ಲಿ ಚಿಪ್ಪಿನ ಚೂರುಗಳಿದ್ದರೂ ಹೊಳೆಯುವ ಕಣಗಳು ಹೆಚ್ಚಾಗಿ ಬೆಣಚುಕಲ್ಲು. ಬೆಣಚುಕಲ್ಲಿನ ತವರು ಕಡಲಲ್ಲ, ಒಳನಾಡಿನ ಬಂಡೆ. ನಮ್ಮ ಕೋಲಾರ ಸೀಮೆಯ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ಬಿಸಿಲಿಗೆ ಬಿರಿದು ಮಳೆಗೆ ಸವೆದು ಅವು ಮರಳಾಗುತ್ತವೆ. ಈ ಸೀಮೆಯ ಬಹುಭಾಗದ ನೀರು ಪಾಲಾರಿಗೆ, ಪಾಲಾರು ಚೆನ್ನೈಯ ದಕ್ಷಿಣಕ್ಕೆ ಬಂಗಾಳ ಕೊಲ್ಲಿಗೆ. ಕಡಲು ಗಿಳಿಗೆ ನೊರೆಯನ್ನು ಕಳುಹಿಸುವ ಎಷ್ಟೋ ಮೊದಲು ನಮ್ಮ ಬಂಡೆಗಳು ಕಡಲಿಗೆ ಮರಳನ್ನು ಕಳುಹಿಸಿದ್ದುವು.

ಮೇಷ್ಟ್ರು ಡಬ್ಬಿಯನ್ನು ತೋರಿಸಿದ ಮೇಲೆ ನಮ್ಮನ್ನು ಕೆರೆಯಂಚಿಗೆ ಅಟ್ಟಿದರು: "ನಿಮ್ಮದೂ ಸಮುದ್ರವೇ ತಾನೆ? ಏನು ಸಿಕ್ಕುತ್ತದೋ ತನ್ನಿ." ಬೇಸಗೆಯಲ್ಲಿ ಇಳಿದ ನೀರಿನ ಸುತ್ತ ಬಿರಿದ ಕೆಸರಿನಲ್ಲಿ ನಮಗೆ ದೊರೆತುವು ದೊಡ್ಡ ಬಸವನಹುಳುಗಳು, ಕಪ್ಪೆಚಿಪ್ಪುಗಳು. ಸತ್ತುದೆಂದು ತಂದ ಒಂದು ಬಸವನಹುಳುವನ್ನು ಮೇಷ್ಟ್ರು ನೀರಿನ ಬಟ್ಟಲಿನಲ್ಲಿಟ್ಟರು. ಸಂಜೆಗೆ ಅದು ಬಾಗಿಲು ತೆರೆದು ಹೊರಗೆ ಬಂದಿತು! ಈ ಪ್ರಾಣಿಗೆ ಕಿವಿರೂ ಉಂಟು, ಶ್ವಾಸಕೋಶದಂಥ ಚೀಲವೂ ಉಂಟು. ಕೆರೆ ಬತ್ತಿದಾಗ ಕೆಸರಿನಲ್ಲಿ ಹುದುಗಿ, ಚಿಪ್ಪಿನ ಬಾಯಿಗೆ ಮುಚ್ಚಳ ಹಾಕಿಕೊಂಡು, ತಿಂಗಳುಗಟ್ಟಲೆ ಮಳೆಗಾಗಿ ಕಾಯುತ್ತದೆ. ಕಪ್ಪೆಚಿಪ್ಪಿನ ಕಥೆ ಇನ್ನೂ ಚಮತ್ಕಾರವಾದುದು. ನಡೆಯಲಾರದ ಈ ಪ್ರಾಣಿಯ ಮರಿಗಳು ಮೀನಿನ ಕಿವಿರುಗಳಿಗೆ ಅಂಟಿಕೊಂಡು ಕೆಲವು ವಾರ ಸವಾರಿ ಮಾಡಿ, ಬೇರೊಂದು ಕಡೆ ಉದುರಿ ನೆಲಸುತ್ತವೆ. ಅಂದ ಮೇಲೆ ಮೀನಿಲ್ಲದ ಕೆರೆಯಲ್ಲಿ ಕಪ್ಪೆಚಿಪ್ಪೂ ಉಳಿಯಲಾರದು.

ಮತ್ತೆ ಜಗಲಿಗೆ

ರಾಮನು ಆಮೇಲೆಯೂ ಕೆಲವು ವರ್ಷ ಬದುಕಿತ್ತು. ಪಂಜರದಲ್ಲಿ ನೊರೆ ತೀರಿದಾಗಲೆಲ್ಲ ಮೇಷ್ಟ್ರು ಊರಿನಿಂದ ತಂದುಕೊಡುತ್ತಿದ್ದರು. ತಮ್ಮ ಕೊನೆಯ ವರ್ಷದಲ್ಲಿ ಅಜ್ಜಿ ಒಂದು ದಿನ ಪಂಜರದ ಬಾಗಿಲನ್ನು ತೆರೆದಿಟ್ಟರು. ಗಿಳಿ ಹೊರಗೆ ಬಂದಿತು. ಪಂಜರದ ನೆತ್ತಿಯ ಮೇಲೆ ಮಧ್ಯಾಹ್ನವೆಲ್ಲ ಕುಳಿತಿತ್ತು. ತೋಪಿನ ಮೇಲೆ ಗಿಳಿಗಳ ಹಿಂಡು ಕಿರುಚುತ್ತ ಹಾದುಹೋಯಿತು. ರಾಮನು ಕತ್ತೆತ್ತಿ "ಯಾರು? ಎವರು?" ಎಂದಿತು. ಹಿಂಡಿಗೆ ಅದು ತಿಳಿಯುವ ಮಾತಲ್ಲ. ಮುಸ್ಸಂಜೆಗೆ ತಾನಾಗಿಯೇ ಒಳಗೆ ಹೋಗಿ ಕುಳಿತುಕೊಂಡಿತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಆ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಇಂದು ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿ ಸಾಕುವುದೂ ಅಪರಾಧ. ಸಾಕಿದ ಗಿಳಿ ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ಸುಮ್ಮನೆ ಹಾರಿಬಿಡುವುದೂ ಸರಿಯಲ್ಲ. ಆಹಾರವನ್ನು ಹುಡುಕಲೂ ಗಿಡುಗನಿಂದ ತಪ್ಪಿಸಿಕೊಳ್ಳಲೂ ಅದಕ್ಕೆ ಬಾರದು. ಅರಣ್ಯ ಇಲಾಖೆಗೆ ತಿಳಿಸಬೇಕು. ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಆಸ್ಟ್ರೇಲಿಯದ ಪುಟ್ಟ ಗಿಳಿಗಳಿಗೆ ಈ ನಿಷೇಧವಿಲ್ಲ. ಅವನ್ನು ಸಾಕುತ್ತಿರುವ ವಿದ್ಯಾರ್ಥಿಗಳು ಪಂಜರದಲ್ಲಿ ಒಂದು ತುಂಡು ಸಮುದ್ರದ ನೊರೆಯನ್ನು ಕಟ್ಟುವುದನ್ನು ಮರೆಯಬಾರದು. ತೆನೆಕಾಳೊಂದನ್ನೇ ತಿನ್ನುವ ಹಕ್ಕಿಗೆ ರಾಮನ ಗತಿಯೇ ಒದಗೀತು.

ಕಟ್ಟುವ ಮುನ್ನ ಒಂದು ಚೂರನ್ನು ಮುರಿದಿಟ್ಟುಕೊಂಡು ಈ ಪರೀಕ್ಷೆಯನ್ನು ಮಾಡಿನೋಡಬಹುದು. ಗಾಜಿನ ಲೋಟದಲ್ಲಿ ವಿನಿಗರ್ ತೆಗೆದುಕೊಂಡು ಚೂರನ್ನು ಅದರಲ್ಲಿ ಹಾಕಿ. ಮೊದಲು ತೇಲುತ್ತದೆ. ಕೂಡಲೆ ಗುಳ್ಳೆಗಳೇಳುತ್ತವೆ, ಆಮ್ಲದೊಡನೆ ಕಾರ್ಬೊನೇಟ್ ಸೇರಿ ಇಂಗಾಲದ ಡೈಆಕ್ಸೈಡ್ ಹೊರಡುವುದರಿಂದ ಹೀಗಾಗುತ್ತದೆ. ಮತ್ತೊಂದು ಲೋಟದಲ್ಲಿ ಕೆರೆಯ ಕಪ್ಪೆಚಿಪ್ಪಿನ ತುಂಡನ್ನೂ ಮೂರನೆಯದರಲ್ಲಿ ಕೋಳಿಮೊಟ್ಟೆಯ ಓಡನ್ನೂ ಹಾಕಿದರೆ ಅಲ್ಲಿಯೂ ಅದೇ ಗುಳ್ಳೆಗಳು. ವಿನಿಗರನ್ನು ಬದಲಾಯಿಸುತ್ತ ಒಂದೆರಡು ದಿನ ಬಿಟ್ಟರೆ ಸುಣ್ಣವೆಲ್ಲ ಕರಗಿಹೋಗಿ, ನೊರೆಯ ಲೋಟದಲ್ಲಿ ಹಾಳೆಹಾಳೆಯಾದ ಮೆತ್ತನೆಯ ಪೊರೆ ಉಳಿಯುತ್ತದೆ. ಪ್ರಾಣಿಯು ಮೊದಲು ನೇಯ್ದುದು ಈ ಪೊರೆಯನ್ನು. ಸುಣ್ಣವನ್ನು ಆಮೇಲೆ ಅದರ ಮೇಲೆ ಲೇಪಿಸಿದೆ. ಬೆರಳಿನಿಂದ ಮೆಲ್ಲನೆ ಎತ್ತಿದರೆ ಅದು ತೊಗಲಿನಂತೆ ಬಗ್ಗುತ್ತದೆ.